ಹತ್ತು ಮೀಟರಿನ ರೇಡಿಯೊ

1998ರ ಮೇ ತಿಂಗಳಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಎಂಬ ಐದು ಕಂಪನಿಗಳು ಸೇರಿ ಬ್ಲೂಟೂತ್ ಕೂಟ ಕಟ್ಟಿದವು. ಅದೇ ವರ್ಷ ನವೆಂಬರ್ 22ರಂದು ಪ್ರಧಾನಿ ವಾಜಪೇಯಿ ಹೈದರಾಬಾದಿನ ಮಾಧಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟಿಸಿದರು. ಒಂದಕ್ಕೂ ಇನ್ನೊಂದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಆದರೆ ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ರೈಲು ಹತ್ತಿ ಈ ಊರಿಗೆ ಬಂದಿಳಿದ ನನ್ನಂಥ ಎಷ್ಟೋ ಇಂಜಿನಿಯರುಗಳ ಅನ್ನ ಈ ಎರಡು ಘಟನೆಗಳ ನಡುವೆಯೇ ಹುಟ್ಟಿದೆ.

ಬ್ಲೂಟೂತ್ ಚರಿತ್ರೆಯನ್ನು ಸಾಮಾನ್ಯವಾಗಿ ಮೊಬೈಲ್ ಫೋನಿನ ಕಡೆಯಿಂದ ಹೇಳುತ್ತಾರೆ. ನಾನು ಟರ್ಮಿನಲ್ಲಿನ ಕಡೆಯಿಂದ ಹೇಳುತ್ತೇನೆ, ಅಂದರೆ ಕಪ್ಪು ಪರದೆಯ ಮೇಲೆ ಕಮಾಂಡ್ ಹೊಡೆದು ಈ ರೇಡಿಯೊಗಳನ್ನು ಪಳಗಿಸಿದವರ ಕಡೆಯಿಂದ. ಫೋನಿನಲ್ಲಿ ಬ್ಲೂಟೂತ್ ಎಂದರೆ ಒಂದು ಗುಂಡಿ, ಒತ್ತಿದರೆ ನೀಲಿಯಾಗುತ್ತದೆ, ಅಷ್ಟೇ. ಟರ್ಮಿನಲ್ಲಿನಲ್ಲಿ ಅದು ಎರಡು ಯಂತ್ರಗಳ ಮಾತುಕತೆ. ನೀನು ಯಾರು, ನಿನ್ನ ಹತ್ತಿರ ಏನೇನಿದೆ, ನಿನ್ನನ್ನು ನಂಬಬಹುದೇ ಎಂದು ಒಂದೊಂದೇ ಸಾಲಿನಲ್ಲಿ ಕೇಳಿಸಿಕೊಳ್ಳಬಹುದು. ಆ ಮಾತುಕತೆಯ ಶಬ್ದಗಳನ್ನು ಬರೆದವರು ಯಾರು, ಅವರು ಬಿಟ್ಟುಹೋದ ಮೇಲೆ ಕಾಯುವವರು ಯಾರು ಎಂಬುದು ನನಗೆ ಈಚಿನ ವರ್ಷಗಳಲ್ಲಿ ಕೆಲಸದ ಪ್ರಶ್ನೆಯೇ ಆಗಿಬಿಟ್ಟಿತು. ಅದಕ್ಕೇ ಈ ಬರಹ.

ಹೆಸರಿನ ಕಥೆ ಹೆಚ್ಚಿನವರಿಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. 10ನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್ ಚೆದುರಿದ ಸೀಮೆಗಳನ್ನು ಒಂದು ಮಾಡಿದವನು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ಯೋಜನೆಗೆ ಇಂಟೆಲ್ಲಿನ ಜಿಮ್ ಕಾರ್ಡಾಕ್ ಅವನ ಹೆಸರನ್ನು ತಾತ್ಕಾಲಿಕವಾಗಿ ಸೂಚಿಸಿದ. ಬೇರೆ ಹೆಸರುಗಳಿಗೆ ಟ್ರೇಡ್‌ಮಾರ್ಕ್ ತೊಡಕು ಬಂದು ಇದೇ ಉಳಿಯಿತು. ಲಾಂಛನವೂ ಆ ದೊರೆಯ ಹೆಸರಿನ ಎರಡು ರೂನ್ ಅಕ್ಷರಗಳ ಕೂಡಕ್ಷರ. ಪ್ರಾಜೆಕ್ಟ್ ಮ್ಯಾನೇಜರನಾಗಿ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ತಾತ್ಕಾಲಿಕ ಎಂದು ಇಟ್ಟ ಹೆಸರನ್ನು ಆಮೇಲೆ ಯಾರೂ ಬದಲಿಸುವುದಿಲ್ಲ. ‘ಟೆಸ್ಟ್ 2’ ಎಂಬ ಹೆಸರಿನ ಸರ್ವರುಗಳು ವರ್ಷಗಟ್ಟಲೆ ಗಿರಾಕಿಗಳ ಲೆಕ್ಕ ನೋಡಿಕೊಂಡಿದ್ದನ್ನು ನಮ್ಮಲ್ಲಿ ಎಲ್ಲರೂ ಕಂಡಿದ್ದೇವೆ.

ಹೆಸರಿಗಿಂತ ಕುತೂಹಲದ್ದು ಅದರ ಹೊಟ್ಟೆಯೊಳಗಿನ ಹಳೆಯ ಸಾಮಾನು. 1994ರಲ್ಲಿ ಸ್ವೀಡನ್ನಿನ ಲುಂಡ್ ಊರಿನ ಎರಿಕ್ಸನ್ ಕಚೇರಿಯಲ್ಲಿ ಯಾಪ್ ಹಾರ್ಟ್ಸನ್, ಸ್ವೆನ್ ಮ್ಯಾಟಿಸನ್ ಮೊದಲಾದವರು ಕೈಹಾಕಿದ್ದು ಬಹಳ ಸಣ್ಣ ಆಸೆಗೆ: ಫೋನಿಗೂ ಕಂಪ್ಯೂಟರಿಗೂ ನಡುವೆ ಇರುವ ಕೇಬಲ್ ತೆಗೆದುಹಾಕಬೇಕು. ಆ ಕೇಬಲ್ ಎಂದರೆ 1960ರ ದಶಕದಿಂದ ಬಂದ ಆರ್‌ಎಸ್-232 ಸೀರಿಯಲ್ ತಂತಿ. ಹಾಗಾಗಿ ಬ್ಲೂಟೂತ್ ಒಳಗೆ ಆರ್‌ಎಫ್‌ಕಾಮ್ ಎಂಬ ಒಂದು ಪದರ ಮಾಡಿದರು. ಅದರ ಕೆಲಸ ಒಂದೇ, ಗಾಳಿಯಲ್ಲಿದ್ದುಕೊಂಡು ತಂತಿಯ ಹಾಗೆ ನಟಿಸುವುದು. ಮೇಲಿರುವ ಪ್ರೋಗ್ರಾಮಿಗೆ ತಾನು ಸೀರಿಯಲ್ ಪೋರ್ಟಿಗೆ ಬರೆಯುತ್ತಿದ್ದೇನೆ ಎಂದೇ ಅನ್ನಿಸುತ್ತದೆ.

ತಂತಿ ನಟನೆಯದಾದರೂ ಅದರಲ್ಲಿ ಹರಿಯುವ ಮಾತು ನಿಜವಾದ ಕಮಾಂಡುಗಳೇ. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್ ಜೊತೆ ತಂದ ಕಮಾಂಡುಗಳು ‘ಎಟಿ’ ಎಂಬ ಎರಡಕ್ಷರದಿಂದ ಶುರುವಾಗುತ್ತಿದ್ದವು. ಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ ಕಿರ್ರೆಂದು ಸದ್ದು ಕೇಳುತ್ತ ಇಂಟರ್ನೆಟ್ಟಿಗಾಗಿ ಕಾದವರಿಗೆ ಅವು ಗೊತ್ತು. ಮೋಡೆಮ್ ಸತ್ತು ಎಷ್ಟೋ ಕಾಲವಾಯಿತು, ಆ ಭಾಷೆ ಸಾಯಲಿಲ್ಲ. ಬ್ಲೂಟೂತಿನ ಹ್ಯಾಂಡ್ಸ್-ಫ್ರೀ ಪ್ರೊಫೈಲಿನಲ್ಲಿ ಹೆಡ್‌ಸೆಟ್ಟಿನ ಗುಂಡಿ ಒತ್ತಿ ಕರೆ ತೆಗೆದುಕೊಂಡಾಗ ಅದು ಫೋನಿಗೆ ಕಳಿಸುವುದು ‘ಎಟಿಎ’ ಎಂಬ ಮೂರಕ್ಷರವನ್ನು. ಕೊನೆಯ ಎ ಎಂದರೆ ‘ಆನ್ಸರ್’, 1981ರಲ್ಲಿ ಇದ್ದದ್ದೂ ಅದೇ. ಮೆಟ್ರೊದಲ್ಲಿ ಮಿಯಾಪುರದಿಂದ ಅಮೀರ್‌ಪೇಟೆಗೆ ಹೋಗುತ್ತ ಕಿವಿಗೆ ಬೆರಳು ತಟ್ಟುವವರೆಲ್ಲ ತಮಗೇ ಗೊತ್ತಿಲ್ಲದ ಹಾಗೆ ಕಮಾಂಡ್ ಹೊಡೆಯುತ್ತಿರುತ್ತಾರೆ.

ಈ ರೇಡಿಯೊ ನಮ್ಮ ದೇಶದಲ್ಲಿ ಕಾನೂನಿನ ಕಣ್ಣಿಗೆ ಬಿದ್ದ ಬಗೆ ಬೇರೆಯೇ ಒಂದು ಕಥೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಮಾತು ಕಳಿಸುವುದಿರಲಿ, ಮನೆಯಲ್ಲಿ ಹಾಡು ಕೇಳುವ ರೇಡಿಯೊ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕ ಇಟ್ಟುಕೊಳ್ಳಬೇಕಿತ್ತು. ನಿಮ್ಮಲ್ಲಿ ಕೆಲವರ ಊರಮನೆಯ ಟ್ರಂಕಿನಲ್ಲಿ ಆ ಪುಸ್ತಕ ಈಗಲೂ ಇರಬಹುದು, ಒಮ್ಮೆ ಹುಡುಕಿ ನೋಡಿ. ಆ ಕಾಯ್ದೆ ಹಾಗೇ ಇರುವಾಗಲೇ 2005ರ ಜನವರಿ 28ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ವೈಫೈ, ಬ್ಲೂಟೂತ್ ಎರಡೂ ಬದುಕುವುದು ಈ ಪಟ್ಟಿಯಲ್ಲೇ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಉಪಯೋಗಕ್ಕೆಂದು ಬಿಟ್ಟುಕೊಟ್ಟಿದ್ದ ಗೋಮಾಳ ಅದು. ಮೈಕ್ರೊವೇವ್ ಓವನ್ನೂ ಅಲ್ಲೇ ಮೇಯುತ್ತದೆ. ಗೋಮಾಳದಲ್ಲಿ ಎಲ್ಲರ ದನವೂ ನುಗ್ಗುವುದರಿಂದ ಬ್ಲೂಟೂತ್ ಒಂದೇ ಕಡೆ ನಿಲ್ಲದೆ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ.

ಇನ್ನು ಕಪ್ಪು ಪರದೆಗೆ ಬರೋಣ. ಲಿನಕ್ಸಿಗೆ ಬ್ಲೂಟೂತ್ ತರಲು ಮೊದಲು ಹೊರಟವರಲ್ಲಿ ಅದೇ ಲುಂಡ್ ಊರಿನ ಆಕ್ಸಿಸ್ ಕಂಪನಿ ಒಂದು. ನೋಕಿಯಾ, ಐಬಿಎಂ ಕೂಡ ತಮ್ಮ ತಮ್ಮ ದಾರಿಯಲ್ಲಿ ಪ್ರಯತ್ನಿಸಿದವು. ಉಳಿದುಕೊಂಡದ್ದು ಕ್ವಾಲ್‌ಕಾಮ್‌ನಲ್ಲಿದ್ದ ಮ್ಯಾಕ್ಸ್ ಕ್ರಾಸ್ನ್ಯಾನ್‌ಸ್ಕಿ ಬರೆದ ‘ಬ್ಲೂಝೀ’. 2001ರ ಮೇ ತಿಂಗಳಲ್ಲಿ ಅದು ಜಿಪಿಎಲ್ ಪರವಾನಗಿಯಲ್ಲಿ ಹೊರಬಿತ್ತು. ಎರಡೇ ತಿಂಗಳಲ್ಲಿ, 2.4.6 ಆವೃತ್ತಿಯ ಲಿನಕ್ಸ್ ಕರ್ನಲ್‌ನಲ್ಲಿ ಸೇರಿಹೋಯಿತು. ಕರ್ನಲ್‌ನ ಬ್ಲೂಟೂತ್ ಕಡತಗಳನ್ನು ಇವತ್ತು ತೆರೆದು ನೋಡಿದರೂ ತಲೆಯಲ್ಲಿ 2000-2001ರ ಕ್ವಾಲ್‌ಕಾಮ್ ಹಕ್ಕುಸ್ವಾಮ್ಯದ ಸಾಲು ಇದೆ. ಮುಂದೆ 2004ರಿಂದ ಮಾರ್ಸೆಲ್ ಹೋಲ್ಟ್‌ಮನ್ ಅದರ ಜವಾಬ್ದಾರಿ ಹೊತ್ತರು.

ಅದರ ಜೊತೆ ಬಂದ ಸಲಕರಣೆಗಳ ಹೆಸರು ನಮ್ಮ ತಲೆಮಾರಿನ ಲಿನಕ್ಸ್ ಜನಕ್ಕೆ ಬಾಯಿಪಾಠ. ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಹೊಡೆಯುವಾಗ ರೋಮನ್ನಿನಲ್ಲೇ ಹೊಡೆಯಬೇಕು. ‘ಎಚ್‌ಸಿಐಕಾನ್ಫಿಗ್’ ನಮ್ಮದೇ ರೇಡಿಯೊವನ್ನು ಎಬ್ಬಿಸಲು, ಮಲಗಿಸಲು. ‘ಎಚ್‌ಸಿಐಟೂಲ್ ಸ್ಕ್ಯಾನ್’ ಸುತ್ತಮುತ್ತ ಯಾರಿದ್ದಾರೆ ಎಂದು ಕೂಗಲು. ‘ಎಸ್‌ಡಿಪಿಟೂಲ್ ಬ್ರೌಸ್’ ಸಿಕ್ಕವರ ಹತ್ತಿರ ಏನೇನು ಸೇವೆ ಇದೆ ಎಂದು ವಿಚಾರಿಸಲು. ‘ಆರ್‌ಎಫ್‌ಕಾಮ್’ ಆ ಸುಳ್ಳು ತಂತಿಯನ್ನು ಎಳೆಯಲು. ಸ್ಕ್ಯಾನ್ ಕೊಟ್ಟ ಮೇಲೆ ಸುಮಾರು ಹತ್ತು ಸೆಕೆಂಡು ಏನೂ ಆಗುವುದಿಲ್ಲ. ಯಂತ್ರ ಕೆಟ್ಟಿತೇ ಎಂದು ಹೊಸಬರು ಅದನ್ನು ಕೊಲ್ಲುತ್ತಿದ್ದರು. ಕೆಟ್ಟಿರುತ್ತಿರಲಿಲ್ಲ. ಆ ಕಡೆಯವನೂ ಜಿಗಿಯುತ್ತಿರುತ್ತಾನೆ, ಈ ಕಡೆಯವನೂ ಜಿಗಿಯುತ್ತಿರುತ್ತಾನೆ, ಇಬ್ಬರೂ ಒಂದೇ ಮೆಟ್ಟಿಲಲ್ಲಿ ಸಿಗಲು ಅಷ್ಟು ಹೊತ್ತು ಬೇಕು.

ನಾನು ಎಂ.ಟೆಕ್ ಮುಗಿಸಿ ಎಸ್.ಆರ್. ನಗರದ ಹಾಸ್ಟೆಲ್ಲಿನಲ್ಲಿ ಮೂವರ ರೂಮಿನಲ್ಲಿದ್ದಾಗ ಇಂಟರ್ನೆಟ್ ಎಂದರೆ ಇದೇ. ರೂಮ್‌ಮೇಟ್‌ನ ನೋಕಿಯಾ 6600 ಫೋನ್, ಸಿಕಂದರಾಬಾದ್ ಪಾರ್ಕ್‌ಲೇನಿನ ಸಿಟಿಸಿಯಲ್ಲಿ ಚೌಕಾಸಿ ಮಾಡಿ ತಂದ ಯುಎಸ್‌ಬಿ ಡಾಂಗಲ್, ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್. ಆರ್‌ಎಫ್‌ಕಾಮ್ ತಂತಿ ಎಳೆದು ಅದರ ಮೇಲೆ ಸ್ಟಾರ್ 99 ಹ್ಯಾಶ್ ಡಯಲ್ ಮಾಡಿದರೆ ಜಿಪಿಆರ್‌ಎಸ್ ಸಿಗುತ್ತಿತ್ತು, ಮೇಲ್ ನೋಡುವಷ್ಟಕ್ಕೆ ಸಾಕು. ಜೋಡಿಸುವಾಗ ಎರಡೂ ಕಡೆ ಒಂದೇ ಪಿನ್ ಹೊಡೆಯಬೇಕು. ಲಿನಕ್ಸ್ ಕಡೆಯ ಪಿನ್ ಒಂದು ಬೋಳು ಅಕ್ಷರ ಕಡತದಲ್ಲಿ ಕೂತಿರುತ್ತಿತ್ತು. ಯಾರು ಬೇಕಾದರೂ ಓದಬಹುದಾದ ಗುಟ್ಟು. ಹೆಡ್‌ಸೆಟ್ಟುಗಳಲ್ಲಂತೂ ಕಾರ್ಖಾನೆಯಿಂದಲೇ ನಾಲ್ಕು ಸೊನ್ನೆ. 2007ರ 2.1 ಆವೃತ್ತಿಯಲ್ಲಿ ಎರಡೂ ಪರದೆಗಳ ಮೇಲೆ ಆರಂಕಿಯ ಸಂಖ್ಯೆ ತೋರಿಸಿ ಒಂದೇ ಇದೆಯೇ ಎಂದು ಕೇಳುವ ಪದ್ಧತಿ ಬಂದ ಮೇಲೆ ಆ ಆಟ ಕಡಿಮೆಯಾಯಿತು.

ಆ ಡಾಂಗಲ್‌ಗಳದೇ ಒಂದು ಉಪಕಥೆ ಇದೆ. ಕೇಂಬ್ರಿಜ್ ಸಿಲಿಕಾನ್ ರೇಡಿಯೊ, ಅಂದರೆ ಸಿಎಸ್‌ಆರ್ ಕಂಪನಿಯ ಚಿಪ್ ಎಷ್ಟು ಜನಪ್ರಿಯವಾಯಿತೆಂದರೆ ಅದರ ಗುರುತಿನ ಸಂಖ್ಯೆ ಹೊತ್ತ ನಕಲಿ ಚಿಪ್‌ಗಳು ಪೇಟೆ ತುಂಬಿದವು. ತಮಗೆ ಬಾರದ ಹೊಸ ಆವೃತ್ತಿಯನ್ನು ಬರುತ್ತದೆ ಎಂದು ಹೇಳಿಕೊಳ್ಳುವ ಬಡಾಯಿ ಚಿಪ್‌ಗಳು. ಕರ್ನಲ್ ಬರೆಯುವವರು ಅವುಗಳನ್ನು ಪೇಟೆಯಿಂದ ಓಡಿಸಲಾರರು. ನಕಲಿಯನ್ನು ಗುರುತಿಸಿ, ಅದಕ್ಕೆ ಬೇಕಾದ ರಿಯಾಯಿತಿ ಕೊಟ್ಟು ನಡೆಸಿಕೊಂಡು ಹೋಗುವ ಸಾಲುಗಳನ್ನೇ ಸೇರಿಸಿದರು. ‘ಡಿಮೆಸೇಜ್’ ಕೊಟ್ಟು ನೋಡಿದರೆ ಇದು ಸಿಎಸ್‌ಆರ್‌ನ ನಕಲು ಎಂದು ಕರ್ನಲ್ ಮುಲಾಜಿಲ್ಲದೆ ಹೇಳುತ್ತದೆ. ಫೋನಿನ ಗುಂಡಿ ಇಷ್ಟು ಸತ್ಯ ಎಂದೂ ಹೇಳಿಲ್ಲ.

ಇದೇ ಕಾಲಕ್ಕೆ ಬೆಂಗಳೂರಿನಲ್ಲೂ ಬ್ಲೂಟೂತ್ ಕೆಲಸ ಜೋರಾಗಿತ್ತು. ಮೈಂಡ್‌ಟ್ರೀ ತನ್ನದೇ ಬ್ಲೂಟೂತ್ ಸಾಫ್ಟ್‌ವೇರ್ ಮಾಡಿ ಚಿಪ್ ಕಂಪನಿಗಳಿಗೆ ಮಾರಿತು. ಇಂಪಲ್ಸ್‌ಸಾಫ್ಟ್ ಎಂಬ ಸಣ್ಣ ಕಂಪನಿ ಬ್ಲೂಟೂತಿನಲ್ಲಿ ಸ್ಟೀರಿಯೊ ಸಂಗೀತ ಹರಿಸುವುದರಲ್ಲಿ ಹೆಸರು ಮಾಡಿತು. ಅದನ್ನು ಅಮೆರಿಕದ ಸರ್ಫ್ ಕೊಂಡಿತು, ಸರ್ಫ್ 2009ರಲ್ಲಿ ಸಿಎಸ್‌ಆರ್ ಜೊತೆ ಸೇರಿತು, ಸಿಎಸ್‌ಆರ್ ಅನ್ನು 2015ರಲ್ಲಿ ಕ್ವಾಲ್‌ಕಾಮ್ ಕೊಂಡಿತು. ಬೆಂಗಳೂರಿನ ಆ ಕೆಲಸ ಸುತ್ತಿ ಬಳಸಿ ಬ್ಲೂಝೀ ಹುಟ್ಟಿದ ಮನೆಯನ್ನೇ ಸೇರಿದ ಹಾಗಾಯಿತು. ಆದರೆ ಅಲ್ಲಿ ಬರೆದ ಸಾಲುಗಳು ಮಾರಾಟದ ಸರಕು, ನಾವು ನೀವು ತೆರೆದು ಓದುವಂಥವಲ್ಲ.

2012ರ ಡಿಸೆಂಬರಿನಲ್ಲಿ ಬ್ಲೂಝೀ 5 ಬಂತು. ಚೂರುಚೂರಾಗಿದ್ದ ಹಳೆಯ ಸಲಕರಣೆಗಳ ಜಾಗಕ್ಕೆ ‘ಬ್ಲೂಟೂತ್‌ಸಿಟಿಎಲ್’ ಎಂಬ ಒಂದೇ ಒಂದು ಕೋಣೆ. ಒಳಗೆ ಹೋಗಿ ಪವರ್ ಆನ್, ಏಜೆಂಟ್ ಆನ್, ಸ್ಕ್ಯಾನ್ ಆನ್, ಆಮೇಲೆ ಸಿಕ್ಕ ವಿಳಾಸ ಕೊಟ್ಟು ಪೇರ್, ಟ್ರಸ್ಟ್, ಕನೆಕ್ಟ್. 2017ರಲ್ಲಿ ಎಚ್‌ಸಿಐಟೂಲ್ ಮೊದಲಾದವನ್ನು ಹಳತೆಂದು ಘೋಷಿಸಿ, ಬೇಕೆಂದು ಕೇಳಿದರೆ ಮಾತ್ರ ಕಟ್ಟಿಕೊಡುವ ಸಾಲಿಗೆ ಹಾಕಿದರು. ನನಗೆ ಬೇಸರವಾದದ್ದು ನಿಜ. ಆದರೂ ಹೊಸತರಲ್ಲಿ ಒಂದು ತಿಳಿವು ಇದೆ ಎಂದು ಒಪ್ಪಬೇಕು. ಪೇರ್, ಟ್ರಸ್ಟ್, ಕನೆಕ್ಟ್ ಮೂರನ್ನೂ ಬಿಡಿಸಿ ಇಟ್ಟದ್ದೇ ಆ ತಿಳಿವು. ಪೇರ್ ಎಂದರೆ ಇಬ್ಬರೂ ಒಂದು ಗುಟ್ಟಿನ ಕೀಲಿ ಮಾಡಿಕೊಳ್ಳುವುದು. ಕನೆಕ್ಟ್ ಎಂದರೆ ಈಗ ಮಾತಾಡುವುದು. ಟ್ರಸ್ಟ್ ಎಂದರೆ ಇನ್ನು ಮುಂದೆ ಇವನು ಬಂದರೆ ನನ್ನನ್ನು ಕೇಳದೆ ಒಳಗೆ ಬಿಡು ಎಂದು ಯಂತ್ರಕ್ಕೆ ಅಪ್ಪಣೆ ಕೊಡುವುದು. ಫೋನಿನಲ್ಲಿ ಇವು ಮೂರೂ ಒಂದೇ ತಟ್ಟಿನಲ್ಲಿ ಮುಗಿಯುತ್ತವೆ, ಹಾಗಾಗಿ ಹೊಸ ಇಂಜಿನಿಯರುಗಳಿಗೆ ವ್ಯತ್ಯಾಸ ಇದೆ ಎಂಬುದೇ ತಿಳಿದಿರುವುದಿಲ್ಲ. ನಮ್ಮ ತಂಡಕ್ಕೆ ಸೇರಿದವರಿಗೆ ನಾನು ಮೊದಲ ವಾರ ಟರ್ಮಿನಲ್ ಬಿಟ್ಟು ಬೇರೆ ಏನನ್ನೂ ಮುಟ್ಟಗೊಡುವುದಿಲ್ಲ.

ಕನ್ನಡದವರಿಗೆ ಇಲ್ಲೊಂದು ಸಣ್ಣ ಸಂತೋಷವೂ ಒಂದು ಸಣ್ಣ ಸಂಕಟವೂ ಇದೆ. ‘ಸಿಸ್ಟಮ್-ಅಲಿಯಾಸ್’ ಎಂಬ ಕಮಾಂಡ್ ಕೊಟ್ಟು ನಿಮ್ಮ ಲ್ಯಾಪ್‌ಟಾಪಿಗೆ ಕನ್ನಡದಲ್ಲೇ ಹೆಸರಿಡಬಹುದು. ಬ್ಲೂಟೂತ್ ಹೆಸರು ಯುಟಿಎಫ್-8ರಲ್ಲಿ 248 ಬೈಟ್‌ವರೆಗೆ ಇರಬಹುದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಕನ್ನಡ’ ಎಂಬ ಪದಕ್ಕೇ ಒತ್ತು ಸೇರಿ 15 ಬೈಟ್ ಹೋಯಿತು. 248ರಲ್ಲಿ ಅದು ದೊಡ್ಡದಲ್ಲ. 2010ರ 4.0 ಆವೃತ್ತಿಯಲ್ಲಿ ಬಂದ ಲೋ ಎನರ್ಜಿ ರೇಡಿಯೊದಲ್ಲಿ ಮಾತ್ರ ಕಷ್ಟ. ಅದರ ಸಾರುವ ಪೊಟ್ಟಣದಲ್ಲಿ ಸಿಗುವುದು ಒಟ್ಟು 31 ಬೈಟ್. ಅದರಲ್ಲಿ ತಲೆಬರಹಗಳಿಗೆ ಹೋಗಿ ಉಳಿದದ್ದಕ್ಕೆ ಇಂಗ್ಲಿಷಿನಲ್ಲಿ 26 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ ಎಂಟು ಸಂಕೇತ. ನನ್ನ ಮನೆಯ ಸೆನ್ಸರ್ ಒಂದಕ್ಕೆ ‘ಅಡುಗೆ’ ಎಂದು ಹೆಸರಿಟ್ಟಿದ್ದೇನೆ. ‘ಅಡುಗೆಮನೆ’ ಕೂಡ ಹೇಗೋ ಹಿಡಿಸುತ್ತದೆ, ‘ಅಡುಗೆಮನೆಯದು’ ಹಿಡಿಸುವುದಿಲ್ಲ.

ಈಗ ಹೈದರಾಬಾದಿನ ಪಾಲು. ರೆಡ್‌ಪೈನ್ ಸಿಗ್ನಲ್ಸ್ ಎಂಬ ಕಂಪನಿಯನ್ನು 2001ರಲ್ಲಿ ವೆಂಕಟ್ ಮಟ್ಟೆಲ ಶುರು ಮಾಡಿದರು. ಮುಖ್ಯ ಕಚೇರಿ ಕ್ಯಾಲಿಫೋರ್ನಿಯಾದಲ್ಲಿ, ಚಿಪ್ ವಿನ್ಯಾಸದ ದೊಡ್ಡ ಕೇಂದ್ರ ಇಲ್ಲಿ. ವೈಫೈ, ಬ್ಲೂಟೂತ್ ಎರಡನ್ನೂ ಒಂದೇ ಚಿಪ್ಪಿನಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ ನಡೆಸುವುದು ಅವರ ಕಸುಬು. ಇಂಥ ಚಿಪ್ ಮಾಡಿದ ಕಂಪನಿಗಳಲ್ಲಿ ಹಲವು ಡ್ರೈವರನ್ನು ಬಚ್ಚಿಟ್ಟುಕೊಳ್ಳುತ್ತವೆ. ಇವರು 2014ರಲ್ಲಿ ತಮ್ಮ ವೈಫೈ ಡ್ರೈವರನ್ನು ಲಿನಕ್ಸ್ ಕರ್ನಲ್ಲಿಗೆ ಸೇರಿಸಿದರು, ಹೆಸರು ಆರ್‌ಎಸ್‌ಐ. 2018ರಲ್ಲಿ ಅದರ ಬ್ಲೂಟೂತ್ ಜೊತೆಗಾರ ಬಿಟಿಆರ್‌ಎಸ್‌ಐ ಕೂಡ ಒಳಗೆ ಬಂತು.

ಎರಡೂ ರೇಡಿಯೊ ಒಂದೇ ಚಿಪ್ಪಿನಲ್ಲಿ, ಒಂದೇ 2.4 ಗಿಗಾಹರ್ಟ್ಸ್ ಗೋಮಾಳದಲ್ಲಿ ಇದ್ದರೆ ಪಾಳಿ ಹಂಚಬೇಕು. ಯಾವ್ಯಾವ ರೇಡಿಯೊ ಎಚ್ಚರವಾಗಿರಬೇಕು ಎಂದು ಹೇಳಲು ಆ ಡ್ರೈವರಿನಲ್ಲಿ ಒಂದು ಸಂಖ್ಯೆ ಇದೆ, ಮಾಡ್ಯೂಲ್ ಏರಿಸುವಾಗ ಕಮಾಂಡಿನಲ್ಲೇ ಕೊಡುವಂಥದ್ದು. ತಕ್ಕಡಿಗೆ ಹಾಕುವ ಕಲ್ಲುಗಳ ಲೆಕ್ಕ ಅದು. ವೈಫೈಗೆ 1. ತಾನೇ ವೈಫೈ ಹಂಚುವ ಕೇಂದ್ರವಾಗಬೇಕಾದರೆ 2. ಹಳೆಯ ಬ್ಲೂಟೂತಿಗೆ 4. ಲೋ ಎನರ್ಜಿಗೆ 8. ವೈಫೈ ಜೊತೆ ಹಳೆಯ ಬ್ಲೂಟೂತ್ ಬೇಕೇ, 5 ಕೊಡಿ. ವೈಫೈ ಜೊತೆ ಎರಡೂ ಬ್ಲೂಟೂತ್ ಬೇಕೇ, 13. ಏನೂ ಹೇಳದಿದ್ದರೆ ಅದು 13 ಎಂದೇ ತಿಳಿಯುತ್ತದೆ.

ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಜೆಕ್ಟಿನಲ್ಲಿ ಈ ಚಿಪ್ ಇತ್ತು. ವರಂಗಲ್ ಕಡೆ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ ಲೋ ಎನರ್ಜಿ ಸೆನ್ಸರುಗಳು, ಗೋಡೆಯ ಮೇಲೆ ಒಂದು ಗೇಟ್‌ವೇ ಪೆಟ್ಟಿಗೆ. ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಗುಂಡಿಯೂ ಇಲ್ಲ. ಮಾತಾಡಬೇಕಾದರೆ ಹೈದರಾಬಾದಿನಿಂದ ಎಸ್‌ಎಸ್‌ಎಚ್ ಮಾಡಿ ಕಮಾಂಡ್ ಹೊಡೆಯುವುದೊಂದೇ ದಾರಿ. ಸೆನ್ಸರುಗಳ ಸುದ್ದಿ ಆಗಾಗ ತಪ್ಪುತ್ತಿತ್ತು. ಒಳಗೆ ತಾಪ ಏರಿದ್ದು ಹೊರಗೆ ತಿಳಿಯದಿದ್ದರೆ ರೈತರು ವರ್ಷದ ಬೆಲೆಗಾಗಿ ಕಾದಿಟ್ಟ ಚೀಲಗಳು ಬೂಷ್ಟು ಹಿಡಿಯುತ್ತವೆ. ನೋಡಿದರೆ ಪೆಟ್ಟಿಗೆ 13ರಲ್ಲೇ ನಡೆಯುತ್ತಿತ್ತು. ಅದು ಇಂಟರ್ನೆಟ್ಟಿಗೆ ಹೋಗುವುದು ಸಿಮ್ ಕಾರ್ಡಿನಿಂದ, ವೈಫೈ ಅದಕ್ಕೆ ಬೇಕೇ ಇರಲಿಲ್ಲ. ಆದರೂ ಅದು ಎದ್ದು ಕೂತು ಸುತ್ತಲಿನ ವೈಫೈ ಹುಡುಕುತ್ತ ಪಾಳಿ ತಿನ್ನುತ್ತಿತ್ತು. ಸೆಟ್ಟಿಂಗ್ ಕಡತದಲ್ಲಿ ಒಂದೇ ಸಾಲು ಬರೆದು 8 ಕೊಟ್ಟೆವು. ಸುದ್ದಿ ತಪ್ಪುವುದು ನಿಂತಿತು.

ಆ ಹೊತ್ತಿಗೆ ಕಂಪನಿ ಕೈ ಬದಲಾಗಿತ್ತು. 2020ರಲ್ಲಿ ಸಿಲಿಕಾನ್ ಲ್ಯಾಬ್ಸ್ ರೆಡ್‌ಪೈನ್‌ನ ವೈಫೈ-ಬ್ಲೂಟೂತ್ ವ್ಯವಹಾರವನ್ನು ಹೈದರಾಬಾದಿನ ವಿನ್ಯಾಸ ಕೇಂದ್ರದ ಸಮೇತ 30.8 ಕೋಟಿ ಡಾಲರಿಗೆ ಕೊಂಡಿತು. ಜನರೂ ಕೆಲಸವೂ ಇಲ್ಲೇ ಉಳಿದವು, ಹೊಸ ಚಿಪ್‌ಗಳು ಬರುತ್ತಿವೆ. ಹಳೆಯ ಡ್ರೈವರಿನ ಪಾಡು ಬೇರೆಯಾಯಿತು. ಲಿನಕ್ಸ್ ಕರ್ನಲ್ಲಿನಲ್ಲಿ ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದಿಡುವ ‘ಮೇಂಟೇನರ್ಸ್’ ಎಂಬ ಕಡತವಿದೆ. ನಮ್ಮ ಹಳ್ಳಿಯ ಪಹಣಿ ಪುಸ್ತಕದ ಹಾಗೆ. ಅದರಲ್ಲಿ ರೆಡ್‌ಪೈನ್ ಡ್ರೈವರಿನ ಮುಂದೆ ಈಗ ಇರುವ ಶಬ್ದ ‘ಆರ್ಫನ್’, ಅನಾಥ.

ಈ ಶಬ್ದ ನೋಡಿದ ದಿನ ನನ್ನ ಮುಂದೆ ಇದ್ದದ್ದು ಭಾವನೆಗಿಂತ ಲೆಕ್ಕದ ಪ್ರಶ್ನೆ. ಗೋಡೆಗಳ ಮೇಲಿರುವ ಪೆಟ್ಟಿಗೆಗಳ ಕರ್ನಲನ್ನು ಏರಿಸಬೇಕು, ಇಲ್ಲದಿದ್ದರೆ ಭದ್ರತೆಯ ತೇಪೆಗಳು ಸಿಗುವುದಿಲ್ಲ. 2017ರ ಬ್ಲೂಬಾರ್ನ್ ದೋಷಗಳು ಹೊರಬಿದ್ದಾಗ ಜೋಡಣೆಯೇ ಆಗದೆ, ಹತ್ತಿರ ಬಂದವನು ಬ್ಲೂಟೂತ್ ಮೂಲಕ ಯಂತ್ರದೊಳಗೆ ನುಗ್ಗಬಹುದೆಂದು ಗೊತ್ತಾಗಿತ್ತು, ಲಿನಕ್ಸೂ ಅದಕ್ಕೆ ಹೊರತಾಗಿರಲಿಲ್ಲ. ಏರಿಸಿದರೆ, ಒಡೆಯನಿಲ್ಲದ ಡ್ರೈವರ್ ಹೊಸ ಕರ್ನಲ್ಲಿನಲ್ಲಿ ನಡೆಯುತ್ತದೆಯೇ? ಗಿರಾಕಿ ಕಂಪನಿಯವರು ಎಲ್ಲ ಪೆಟ್ಟಿಗೆ ಬಿಸಾಕಿ ಹೊಸದು ಹಾಕೋಣ ಎಂದರು. ನಾನು ಒಂದು ತಿಂಗಳು ಕೇಳಿಕೊಂಡೆ.

ಆ ತಿಂಗಳು ಡ್ರೈವರಿನ ಬದಲಾವಣೆಗಳ ಪಟ್ಟಿ ಓದುತ್ತ ಕೂತೆ. ಅನಾಥ ಎಂದು ಬರೆದಿದ್ದರೂ ಅದರ ಮೇಲೆ ಕೈಯಾಡಿಸುವುದು ನಿಂತಿರಲಿಲ್ಲ. ರೆಡ್‌ಪೈನ್‌ಗೆ ಸಂಬಂಧವೇ ಇಲ್ಲದ, ತಮ್ಮ ತಮ್ಮ ಉಪಕರಣಗಳಲ್ಲಿ ಈ ಚಿಪ್ ಇದ್ದದ್ದರಿಂದ ಸಿಕ್ಕಿಕೊಂಡಿದ್ದ ಯುರೋಪಿನ ಇಂಜಿನಿಯರುಗಳು ಒಂದೊಂದೇ ದೋಷ ತಿದ್ದುತ್ತಿದ್ದರು. 2021ರಲ್ಲಿ ಬಂದ ಒಂದು ತಿದ್ದುಪಡಿಯಂತೂ ಕೋಡ್ ನಡೆಯುವ ರೀತಿಯನ್ನು ಮುಟ್ಟಿಯೂ ಇರಲಿಲ್ಲ. ನಾನು ಮೇಲೆ ಹೇಳಿದ ಸಂಖ್ಯೆಗಳ ವಿವರಣೆಯಲ್ಲಿ 12 ಬಿಟ್ಟುಹೋಗಿತ್ತು. 4 ಮತ್ತು 8, ಅಂದರೆ ವೈಫೈ ಇಲ್ಲದೆ ಎರಡೂ ಬ್ಲೂಟೂತ್. ಡ್ರೈವರಿಗೆ 12 ಗೊತ್ತಿತ್ತು, ಓದುವವರಿಗೆ ಮಾತ್ರ ತಿಳಿಸಿರಲಿಲ್ಲ. ಯಾರೋ ದೂರದವರು ಅದನ್ನು ಗಮನಿಸಿ ಪಟ್ಟಿಗೆ ಸೇರಿಸಿದ್ದರು, ಜೊತೆಗೆ ಬರೆದದ್ದು ಗೊಂದಲವಾಗಿದೆ ಎಂದು ಉಳಿದ ಸಂಖ್ಯೆಗಳ ಅರ್ಥವನ್ನೂ ಬಿಡಿಸಿ ಬರೆದಿದ್ದರು.

ಹೊಸ ಕರ್ನಲ್ ಹಾಕಿದ ಒಂದು ಪೆಟ್ಟಿಗೆಯನ್ನು ಕಚೇರಿಯ ಪ್ಯಾಂಟ್ರಿಯ ಫ್ರಿಜ್ಜಿನ ಪಕ್ಕ ಇಟ್ಟು, ಒಳಗೆ ಮೊಸರಿನ ಡಬ್ಬಿಗಳ ನಡುವೆ ಎರಡು ಸೆನ್ಸರ್ ತೂರಿಸಿ ಮೂವತ್ತು ದಿನ ನಡೆಸಿದೆವು. ತಪ್ಪದೆ ನಡೆಯಿತು. ಪೆಟ್ಟಿಗೆಗಳನ್ನು ಕೀಳಿಸಲಿಲ್ಲ, ಹೊಸ ಕರ್ನಲನ್ನು ಒಂದೊಂದಾಗಿ ಏರಿಸಿದೆವು. ಈಗಲೂ ಅವುಗಳಲ್ಲಿ ಯಾವುದಕ್ಕಾದರೂ ಲಾಗಿನ್ ಆಗಿ ಆ ಮಾಡ್ಯೂಲಿನ ಮೇಲೆ ‘ಮಾಡ್‌ಇನ್ಫೊ’ ಕೊಟ್ಟರೆ, ಬರೆದವರು ಎಂಬ ಸಾಲಿನಲ್ಲಿ ರೆಡ್‌ಪೈನ್ ಸಿಗ್ನಲ್ಸ್ ಇಂಕ್ ಎಂದಿರುತ್ತದೆ, ಸ್ವಲ್ಪ ಕೆಳಗೆ ಸಂಖ್ಯೆಗಳ ಪಟ್ಟಿ, ಅದರಲ್ಲಿ 12ನೆಯದೂ ಇರುತ್ತದೆ.